ತಗರದ ಬೇರು ಮತ್ತು ಗಿರಿಜಾಳ ನಿದ್ದೆ

ಬೆಳಗಾವಿಯಿಂದ ಬಸ್ಸು ಹೊರಟಾಗ ಮೋಡ ಕವಿದಿತ್ತು. ಪುಣೆಯ ವಾಕಡದಲ್ಲಿರುವ ನನ್ನ ತಂಗಿ ಗಿರಿಜಾಳಿಗೆ ಪಿತ್ತಕೋಶದಲ್ಲಿ ಕಲ್ಲಾಗಿ, ಆಪರೇಷನ್ನಿನ ದಿನ ಗೊತ್ತಾಗಿತ್ತು. ಅವಳ ಗಂಡ ಶಿವಾನಂದ ರಾಂಜಣಗಾಂವದ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ಹೆಚ್ಚು ರಜೆ ಸಿಗದು. ಆರೈಕೆಗೆಂದು ನಾನು ಹೊರಟಿದ್ದೆ. ಕೊಲ್ಲಾಪುರ ದಾಟುವಾಗ ಮಳೆ ಹಿಡಿಯಿತು. ಸಾತಾರದ ಬಳಿ ತಿಂದ ಮಿಸಳ ಪಾವಿನ ಖಾರ ಘಟ್ಟ ಏರುವ ತನಕ ನಾಲಿಗೆ ಬಿಡಲಿಲ್ಲ. ಖಂಬಾಟಕಿ ಘಟ್ಟದಲ್ಲಿ ಲಾರಿಗಳ ಸಾಲು. ವಾಕಡ ಮುಟ್ಟಿದಾಗ ಸಂಜೆಯಾಗಿತ್ತು.

ಊಟವಾದ ಮೇಲೆ ಗಿರಿಜಾ ಬಿಸಿ ಹಾಲಿಗೆ ಕಂದು ಪುಡಿಯೊಂದನ್ನು ಕಲಸಿದಳು. ಒದ್ದೆ ಕಾಲುಚೀಲದಂಥ ವಾಸನೆ ಅಡುಗೆಮನೆ ತುಂಬಿತು.

"ತಗರದ ಬೇರಿನ ಪುಡಿ, ಅಕ್ಕಾ. ಇವರು ರಾತ್ರಿ ಪಾಳಿಗೆ ಹೋದ್ರ ನನಗ ನಿದ್ದಿ ಹತ್ತೂದಿಲ್ಲ. ನಮ್ಮ ಅತ್ತಿಯವರೂ ತೊಗೋತಿದ್ರು. ಭಾಳ ಛಲೋ ಅದ."

"ಆಪರೇಷನ್ ಮಾಡೋ ಡಾಕ್ಟರಿಗೆ ಹೇಳೀಯೇನು?"

"ಬೇರಿನದೇನು ಹೇಳೂದು? ಗುಳಿಗಿ ತೊಗೋತೀರೇನು ಅಂತ ಕೇಳಿದ್ರು, ಇಲ್ಲ ಅಂದೆ."

ಮರುದಿನ ಶಿವಾಜಿನಗರದ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರನ್ನು ಕಾಣಬೇಕಿತ್ತು. ಔಂಧದ ದಟ್ಟಣೆಯಲ್ಲಿ ಬಸ್ಸು ತೆವಳುತ್ತಿತ್ತು. ಪುಡಿಯ ಮಾತು ತೆಗೆದಾಗ ಗಿರಿಜಾ ನನ್ನ ಕೈ ಚಿವುಟಿದಳು.

"ನೀ ಸುಮ್ಮನಿರು. ಹೇಳಿದ್ರ ಆಪರೇಷನ್ ಮುಂದ ಹಾಕ್ತಾರ. ಇವರಿಗೆ ಮತ್ತ ರಜಾ ಯಾರು ಕೊಡ್ತಾರ?"

"ನೀ ಹೇಳದಿದ್ರ ನಾ ಹೇಳ್ತೀನಿ. ಆದ್ರ ನೀನೇ ಹೇಳಿದ್ರ ಛಲೋ" ಎಂದೆ. ಅವಳು ಕಿಟಕಿಯತ್ತ ಮುಖ ತಿರುಗಿಸಿದಳು.

ಡಾಕ್ಟರು ನರೆತ ಕೂದಲಿನ ಹೆಂಗಸು. ರಕ್ತದ ರಿಪೋರ್ಟು ನೋಡುತ್ತಲೇ, ಆಯುರ್ವೇದದ ಮದ್ದು ಏನಾದರೂ ತಗೊಳ್ಳುತ್ತೀರಾ ಎಂದು ಮರಾಠಿಯಲ್ಲಿ ಕೇಳಿದರು: "ಆಯುರ್ವೇದಿಕ್ ಕಾಹಿ ಘೇತಾ ಕಾ? ಕಷಾಯ, ಚೂರ್ಣ?"

ಗಿರಿಜಾ ನೆಲ ನೋಡಿದಳು. ನಂತರ ತಾನಾಗಿಯೇ ಬಾಯಿಬಿಟ್ಟಳು. ದಿನಾ ತಗರ ತಗೊಳ್ಳುತ್ತೇನೆ, ಬಹಳ ತಿಂಗಳಾಯಿತು ಎಂದು ತನ್ನ ಮರಾಠಿಯಲ್ಲಿ ಹೇಳುವಷ್ಟರಲ್ಲಿ ಬೆವರಿದ್ದಳು.

ಡಾಕ್ಟರು ಬೈಯಲಿಲ್ಲ. "ಹೇಳಿದ್ದು ಒಳ್ಳೆಯದಾಯಿತು. ನಮ್ಮ ಮನೆಯಲ್ಲೂ ಹಿರಿಯರು ತಗೊಳ್ಳುತ್ತಿದ್ದರು" ಎಂದು ಮರಾಠಿಯಲ್ಲೇ ಬಿಡಿಸಿ ಹೇಳಿದರು. ಬೇರು ಕೆಟ್ಟದ್ದಲ್ಲ, ಕೆಲವರಿಗೆ ನಿದ್ದೆ ತರಬಹುದು. ಆದರೆ ಆ ಮಂಪರಿನ ಮೇಲೆ ಅರಿವಳಿಕೆಯೂ ಸೇರಿದರೆ ಎಚ್ಚರವಾಗುವುದು ತಡವಾಗಬಹುದು, ಉಸಿರಿಗೂ ತೊಂದರೆಯಾಗಬಹುದು. ನಿದ್ದೆಗುಳಿಗೆ, ಮದ್ಯದ ಜೊತೆಗೂ ಕೂಡದು. ದಿನಾ ತಗೊಂಡವರು ಒಮ್ಮೆಗೇ ಬಿಟ್ಟರೆ ಕಳವಳ ಹೆಚ್ಚೀತು, ನಿಧಾನವಾಗಿ ಇಳಿಸಬೇಕು. ಈಗ ನೋವಿಲ್ಲದ್ದರಿಂದ ಆಪರೇಷನ್ ಕೆಲವು ವಾರ ಮುಂದೂಡಬಹುದು. ನೋವೋ ಜ್ವರವೋ ಬಂದರೆ ಮಾತ್ರ ತಕ್ಷಣ ಬರಬೇಕು.

ಹೊರಗೆ ಬಂದು ಗಿರಿಜಾ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನೇ ಶಿವಾನಂದರಿಗೆ ಫೋನ್ ಮಾಡಿದೆ. ಹಿಂದೆ ಯಂತ್ರಗಳ ಸದ್ದು. ಅವರು ಪೂರ್ತಿ ಕೇಳಿಸಿಕೊಂಡು ಅಂದರು: "ತಡಾ ಆದ್ರ ಆಗ್ಲಿ ಬಿಡ್ರಿ ಅಕ್ಕಾರ. ಆಕಿ ಎಚ್ಚರಾಗಬೇಕು, ಅಷ್ಟ."

ನಾಲ್ಕು ದಿನಕ್ಕೆಂದು ಬಂದವಳು ಉಳಿದುಬಿಟ್ಟೆ. ಡಾಕ್ಟರು ಹೇಳಿದಂತೆ ಪುಡಿ ಇಳಿಸುತ್ತ ಹೋದೆವು. ಮೊದಮೊದಲು ಗಿರಿಜಾ ಸಿಡುಕಿದಳು, ಅನ್ನ ಸೇರದು ಎಂದಳು. ಬೆಳಗ್ಗೆ ಮಳೆ ಬಿಟ್ಟಾಗ ಇಬ್ಬರೂ ನಡೆಯಲು ಹೋಗುತ್ತಿದ್ದೆವು. ಮಧ್ಯಾಹ್ನದ ಚಹಾ ನಿಲ್ಲಿಸಿದೆವು. ಶಿವಾನಂದ ಜೊತೆಗಾರರೊಬ್ಬರನ್ನು ಕೇಳಿ ಹಗಲು ಪಾಳಿಗೆ ಬದಲಾಯಿಸಿಕೊಂಡರು. ಅದನ್ನು ಮೊದಲೇ ಕೇಳಬಹುದಿತ್ತು ಎಂದು ಗಂಡ ಹೆಂಡತಿ ಇಬ್ಬರಿಗೂ ಹೊಳೆದಿರಲಿಲ್ಲ.

ಪುಡಿ ಪೂರ್ತಿ ನಿಂತ ಮೇಲೆ ನಡೆದ ಆಪರೇಷನ್ ಸುಸೂತ್ರವಾಯಿತು. ಡಾಕ್ಟರು ಹೆಸರು ಹಿಡಿದು ಕರೆದ ಕೂಡಲೇ ಗಿರಿಜಾ ಕಣ್ಣು ತೆರೆದು, "ಇವರು ಊಟಾ ಮಾಡ್ಯಾರೇನು?" ಎಂದಳು. ನಾನು ಅದನ್ನು ಮರಾಠಿಯಲ್ಲಿ ಹೇಳಿದಾಗ ಡಾಕ್ಟರು ನಕ್ಕುಬಿಟ್ಟರು.

ಅವಳು ಮನೆಯಲ್ಲಿ ಓಡಾಡುವಂತಾದ ಮೇಲೆ, ಶಿವಾನಂದರ ವಾರದ ರಜೆಯ ದಿನ, ನಾನು ವಾಕಡದ ಹೆದ್ದಾರಿಯಲ್ಲಿ ಬೆಳಗಾವಿ ಬಸ್ಸು ಹತ್ತಿದೆ. ಸಾತಾರದಲ್ಲಿ ಇಳಿದಾಗ ಬಿಸಿಲು ಬಿದ್ದಿತ್ತು. ಗಿರಿಜಾಳ ಫೋನಿಗೆ ಕರೆ ಮಾಡಿದರೆ ಶಿವಾನಂದ ಎತ್ತಿದರು.

"ಅಕ್ಕಾರ, ಸ್ವಲ್ಪ ಮೆಲ್ಲಕ ಮಾತಾಡ್ರಿ" ಎಂದು ಪಿಸುಗುಟ್ಟಿದರು. "ಬಾಜೂಕ್ಕ ಮಲಗ್ಯಾಳ."