ನಾಲಿಗೆಗೆ ಇಡದ ಮಣ್ಣು

ಮೇ ತಿಂಗಳಲ್ಲಿ ನಮ್ಮ ಮನೆ ಸೋರಿತು ಎಂದರೆ ನೀವು ನಂಬುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಮಳೆಗಾಲದಲ್ಲಿ ಸೋರುವ ಮನೆಗಾದರೆ ಒಂದು ಮರ್ಯಾದೆಯಿದೆ. ಹತ್ತು ಜನ ಅಯ್ಯೋ ಅನ್ನುತ್ತಾರೆ. ಆದರೆ ಬಳ್ಳಾರಿ ಸೀಮೆಯ ನಡುಬೇಸಿಗೆಯಲ್ಲಿ, ಆಕಾಶದಲ್ಲಿ ಅಂಗೈಯಗಲ ಮೋಡವಿಲ್ಲದ ದಿನ, ಕಾಗೆಗಳೂ ಬಾಯಿ ತೆರೆದುಕೊಂಡು ನೆರಳಿಗೆ ಕೂತ ಹೊತ್ತಿನಲ್ಲಿ, ಅಡುಗೆಮನೆಯ ಜಂತಿಯಿಂದ ಟಪ್ ಟಪ್ ಎಂದು ನೀರು ಬಿದ್ದರೆ ಯಾರ ಮುಂದೆ ಹೇಳಿಕೊಳ್ಳುವುದು? ಅದರಲ್ಲೂ ಆ ಸೋರಿಕೆಗೆ ಕಾರಣ ನಾನೇ ಆಗಿರುವಾಗ?

ನಮ್ಮದು ಕುರುಗೋಡಿನಲ್ಲಿ ಮಣ್ಣಿನ ಮಾಳಿಗೆಯ ಮನೆ. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಸೊಪ್ಪು, ಎಲ್ಲದರ ಮೇಲೆ ಒಂದು ಗೇಣು ಮಣ್ಣು. ಬೇಸಿಗೆಯಲ್ಲಿ ಇದರ ಕೆಳಗೆ ಮಲಗಿದವರಿಗೆ ಆರ್‌ಸಿಸಿ ಮನೆಯವರ ಕಷ್ಟ ಅರ್ಥವಾಗುವುದಿಲ್ಲ. ಆದರೆ ಈ ಸುಖಕ್ಕೆ ಒಂದು ಷರತ್ತಿದೆ. ವರ್ಷ ಎರಡು ವರ್ಷಕ್ಕೊಮ್ಮೆ ಮಾಳಿಗೆಯ ಮೇಲೆ ಹೊಸದಾಗಿ ಚೌಳು ಮಣ್ಣು ಹಾಕಿಸಬೇಕು. ಚೌಳು ಎಂದರೆ ಉಪ್ಪುಪ್ಪಾದ ಬಂಜರು ಮಣ್ಣು. ನೀರು ಬಿದ್ದರೆ ಅದು ಬಿಗಿಯಾಗಿ ಕೂಡುತ್ತದೆ, ಕೆಳಗೆ ಒಂದು ಹನಿ ಬಿಡುವುದಿಲ್ಲ. ಅದರಲ್ಲಿ ಏನೂ ಬೆಳೆಯುವುದಿಲ್ಲ, ಹಾಗಾಗಿ ಬೇರು ಇಳಿದು ಮಾಳಿಗೆ ಬಿರಿಯುವ ಭಯವೂ ಇಲ್ಲ. ಹೊಲಕ್ಕೆ ಯಾವುದು ಶಾಪವೋ ಮಾಳಿಗೆಗೆ ಅದೇ ವರ.

ನಾನು ಬಳ್ಳಾರಿಯ ಗಾಂಧಿನಗರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರ. ವರ್ಷ ವರ್ಷವೂ ‘ಭಾರತದ ಮಣ್ಣುಗಳು’ ಪಾಠ ಮಾಡುತ್ತೇನೆ. ಕಪ್ಪು ಮಣ್ಣು, ಕೆಂಪು ಮಣ್ಣು, ಮೆಕ್ಕಲು ಮಣ್ಣು, ಒಂದೊಂದಕ್ಕೂ ಬೋರ್ಡಿನ ಮೇಲೆ ಒಂದೊಂದು ಬಣ್ಣದ ಸೀಮೆಸುಣ್ಣ. ಇಷ್ಟು ವರ್ಷ ಪಾಠ ಮಾಡಿದವನು ಒಂದು ಸಲವಾದರೂ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿದ್ದೇನೆಯೇ ಎಂದು ಕೇಳಬೇಡಿ. ಸೀಮೆಸುಣ್ಣ ಎತ್ತಿದ್ದೇನೆ.

ನನ್ನ ಹೆಂಡತಿ ಶಾರದಾ ಸಿರುಗುಪ್ಪ ತಾಲೂಕಿನ ದೇಶನೂರಿನವಳು, ಭತ್ತದ ಗದ್ದೆಯವರ ಮಗಳು. ಕೈತೋಟ ಅವಳ ಜೀವ. ಅವಳ ತಾಯಿ ಕೊಟ್ಟ ಬೀಜದ ಗಂಟು, ಹಳೇ ಸೀರೆಯ ಅಂಚಿನಲ್ಲಿ ಕಟ್ಟಿದ್ದು, ನಮ್ಮ ಅಡುಗೆಮನೆಯ ಜಂತಿಗೆ ಸದಾ ತೂಗಾಡುತ್ತಿರುತ್ತದೆ. ಕಾಯಿ ಬಂದಾಗ ಬೀಜಕ್ಕೆ ಬಿಟ್ಟು, ಒಣಗಿಸಿ, ಬೂದಿ ಸವರಿ ಮತ್ತೆ ಅದೇ ಗಂಟಿಗೆ ಸೇರಿಸುತ್ತಾಳೆ. ನಮ್ಮ ಓಣಿಯಲ್ಲಿ ಯಾರೇ ಕರಿಬೇವಿನ ಸಸಿ ನೆಟ್ಟರೂ ಒಂದು ತಂಬಿಗೆ ನೀರು ಹಾಕಲು ಶಾರದಾಳನ್ನೇ ಕರೆಯುತ್ತಾರೆ. ಕೈಗುಣ! ಈ ಕೈಗುಣ ಎನ್ನುವುದು ವಿಚಿತ್ರ. ಡಾಕ್ಟರಿಗೆ ಡಿಗ್ರಿ ಎಷ್ಟಿದ್ದರೂ ಅದಿಲ್ಲದಿದ್ದರೆ ಜನ ಹೋಗುವುದಿಲ್ಲ. ಅಂಬಲಿ ಕಾಯಿಸುವವಳಿಗೂ ಅದು ಬೇಕು. ಅದನ್ನು ಯಾರೂ ಕಲಿಸಲಾರರು. ಆದರೆ ಕಸಿದುಕೊಳ್ಳಬಹುದು, ಅದೂ ಮನೆಯಲ್ಲೇ ಕೂತು, ಎನ್ನುವುದನ್ನು ನಾನು ಈ ವರ್ಷ ತೋರಿಸಿಕೊಟ್ಟೆ.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಎರಡು ಟ್ರ್ಯಾಕ್ಟರ್ ಮಣ್ಣು ಬಂತು. ಒಂದು ಮೋಕಾ ಊರಿನ ಕಡೆಯಿಂದ ತರಿಸಿದ ಚೌಳು, ಮಾಳಿಗೆಗೆ. ಇನ್ನೊಂದು ಶಾರದಾಳ ಅಣ್ಣ ಬಸಣ್ಣ ದೇಶನೂರಿನಿಂದ ಪ್ರೀತಿಯಿಂದ ಕಳಿಸಿದ ಮಣ್ಣು, ಕಾಲುವೆಯ ಹೂಳಿಗೆ ತಮ್ಮ ತಿಪ್ಪೆಯ ಗೊಬ್ಬರ ಬೆರೆಸಿದ್ದು, ತಂಗಿಯ ಹಿತ್ತಲಿಗೆ. ಅವತ್ತೇ ಶಾರದಾ ನನ್ನ ಅವ್ವನನ್ನು ಕರೆದುಕೊಂಡು ಸಿರುಗುಪ್ಪಕ್ಕೆ ನೆಂಟರ ಬಸುರಿ ಮಗಳ ಕುಬುಸದ ಕಾರ್ಯಕ್ಕೆ ಹೋಗಿದ್ದಳು. ಮಾಳಿಗೆ ಕೆಲಸದ ಗಾದಿಲಿಂಗಪ್ಪ ಬೇರೆ ಕಡೆ ಸಿಕ್ಕಿಕೊಂಡು ಇಬ್ಬರು ಆಳುಗಳನ್ನು ಕಳಿಸಿ ಫೋನಿನಲ್ಲಿ ಹೇಳಿದ: “ಮಾಸ್ತರ್ರ, ಒಂದು ಚಿಟಿಗಿ ನಾಲಿಗಿಗೆ ಇಟ್ಟು ನೋಡ್ರಿ. ಉಪ್ಪುಪ್ಪು ಅಂತಂದ್ರ ಅದು ಚೌಳು, ಮ್ಯಾಲೆ ಹಾಕ್ಸ್ರಿ. ಸಪ್ಪಗಿತ್ತಂದ್ರ ಹಿತ್ಲಕ ಹಾಕ್ಸ್ರಿ. ಅಷ್ಟ.”

ಅಷ್ಟೇ. ಆದರೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಎರಡೂ ಟ್ರ್ಯಾಕ್ಟರುಗಳು ಮಣ್ಣು ಸುರಿದು ಹೋಗಿದ್ದವು. ಬಾಗಿಲ ಎಡಕ್ಕೊಂದು ಗುಡ್ಡೆ, ಬಲಕ್ಕೊಂದು ಗುಡ್ಡೆ, ಎರಡೂ ಒಣಗಿ ಬೂದಿ ಬಣ್ಣ. ಇಬ್ಬರು ಆಳುಗಳು, ಎದುರುಮನೆ ಕಟ್ಟೆಯ ಮೇಲೆ ನಾಲ್ವರು ಹಿರಿಯರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಷ್ಟು ಜನರ ಮುಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಮಾಸ್ತರನೊಬ್ಬ ಬಗ್ಗಿ ಮಣ್ಣು ನೆಕ್ಕುವುದೇ? ಈ ನಾಲಿಗೆಯೇನು ಸಾಮಾನ್ಯದ್ದಲ್ಲ. ಇಪ್ಪತ್ತೆಂಟು ವರ್ಷಗಳಿಂದ ಶಾರದಾ ಮಾಡಿದ ಸಾರನ್ನು ಒಂದೇ ತುತ್ತಿಗೆ “ಸಪ್ಪಗೈತಿ” ಎಂದು ತೀರ್ಪು ಕೊಟ್ಟು, ಅವಳ ಹುಬ್ಬು ಗಂಟಾಗಿಸಿದ ನಾಲಿಗೆ. ಅವತ್ತು ಮಾತ್ರ ಅದು ಹಲ್ಲಿನ ಹಿಂದೆ ಗೌರವವಾಗಿ ಕೂತಿತು. ನಾನು ಬುದ್ಧಿ ಓಡಿಸಿದೆ. ನುಣ್ಣಗಿರುವುದು ಮಾಳಿಗೆಯದು, ಹೆಂಟೆ ಇರುವುದು ಹಿತ್ತಲಿನದು ಎಂದು ಬೆರಳು ಮಾಡಿ ತೋರಿಸಿದೆ. ಸಂಜೆಯೊಳಗೆ ಕೆಲಸ ಮುಗಿಯಿತು. ಎಷ್ಟು ಚೊಕ್ಕ ಮಾಡಿಸಿದ್ದೀರಿ ಎಂದು ಶಾರದಾ ಹೊಗಳಿದಳು ಕೂಡ.

ಹಿತ್ತಲಿನ ಮಣ್ಣಿಗೆ ಅವಳು ಮೇಲೊಂದಿಷ್ಟು ಸಗಣಿ ಗೊಬ್ಬರ ಹರಡಿ ಬೆಂಡೆ, ಬದನೆ, ಚವಳಿ, ಹೀರೆ ಹಾಕಿದಳು. ಬೆಳಿಗ್ಗೆ ಸಂಜೆ ಕೊಡದಲ್ಲಿ ನೀರು. ಬೀಜ ಎರಡೆಲೆ ಬಿಟ್ಟವು, ಎಲೆಯ ಅಂಚು ಸುಟ್ಟಂತಾಗಿ ಒಣಗಿ ಹೋದವು. ಮತ್ತೆ ಹಾಕಿದಳು, ಮತ್ತೆ ಹೋದವು. ನೆಲದ ಮೇಲೆ ಬೆಳ್ಳಗೆ ಏನೋ ಕಾಣಿಸಿದರೆ ಬೋರಿನ ನೀರಿನ ಉಪ್ಪು ಅಂದುಕೊಂಡಳು. ಹೊಲದಲ್ಲೇ ಬೆಳೆದವಳಿಗೆ ಚೌಳು ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಬೇರೆ ಯಾರ ಮಣ್ಣಾಗಿದ್ದರೂ ಅರೆಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಇದು ಅಣ್ಣ ಕಳಿಸಿದ ಮಣ್ಣು. ತವರಿನಿಂದ ಬಂದ ಸೀರೆಯ ಬಣ್ಣ ಹೋಗುತ್ತದೇನೋ ಎಂದು ಯಾವ ಹೆಣ್ಣುಮಗಳು ತೊಯಿಸಿ ನೋಡುತ್ತಾಳೆ? ಅವಳು ಬೀಜವನ್ನು ಅನುಮಾನಿಸಿದಳು, ನೀರನ್ನು ಅನುಮಾನಿಸಿದಳು, ಕೊನೆಗೆ ತನ್ನನ್ನೇ ಅನುಮಾನಿಸಿದಳು.

ಬಸಣ್ಣನಿಗೆ ಫೋನು ಮಾಡಿದರೆ ಅವನು ನಕ್ಕ. “ನಮ್ಮ ಮಣ್ಣಾಗ ಬಾರಕೋಲು ಚುಚ್ಚಿದ್ರೂ ಚಿಗುರ್ತೈತವ್ವಾ. ನಿನ್ನ ಕೈಯ್ಯಾಗ ಏನೋ ಆಗೇತಿ ನೋಡು.” ಅವನು ಆಡಿದ್ದು ತಮಾಷೆಗೆ. ಅವಳು ಫೋನಿಟ್ಟು ಬಹಳ ಹೊತ್ತು ಅಂಗೈ ನೋಡಿಕೊಳ್ಳುತ್ತಾ ಕೂತಳು. ನಾನು ಹತ್ತಿರ ಹೋಗಿ ಮಣ್ಣಿನ ಫಲವತ್ತತೆಯ ಬಗ್ಗೆ ಒಂದು ಪೀರಿಯಡ್ ಪಾಠ ಮಾಡಿದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಆಮೇಲೆ ಶುರುವಾಯಿತು ಈ ಟಪ್ ಟಪ್. ಅದು ಬಿದ್ದಿದ್ದು ಸರಿಯಾಗಿ ಬೀಜದ ಗಂಟಿನ ಮೇಲೆ. ಅವ್ವ ಕಿರುಚಿದಳು: “ಲೇ ತಮ್ಮಾ, ಬೀಜ ತೊಯ್ಯಾಕ ಹತ್ತ್ಯಾವು, ತೆಗೀರೋ!” ಶಾರದಾ ರೊಟ್ಟಿ ತಟ್ಟುತ್ತಲೇ ಇದ್ದಳು, ತಲೆ ಎತ್ತಲಿಲ್ಲ.

“ತೊಯ್ಲಿ ಬಿಡ್ರಿ ಅತ್ತಿ,” ಅಂದಳು. “ಇನ್ನು ಬಿತ್ತೋರು ಯಾರದಾರ?”

ಗಂಟು ಬಿಚ್ಚಿ ಬಿಸಿಲಿಗೆ ಹಾಕಿದ್ದು ಅವ್ವ. ಮನೆ ಸೋರಿದ್ದಕ್ಕಿಂತ ಆ ಮಾತು ನನಗೆ ಹೆಚ್ಚು ಚುಚ್ಚಿತು. ಮಾಡುವುದು ಏನೆಂದು ತೋಚದೆ ಗಾದಿಲಿಂಗಪ್ಪನಿಗೆ ಹೇಳಿ ಕಳಿಸಿದೆ.

ಅವನು ಮರುದಿನ ಬೆಳಿಗ್ಗೆ ಬಂದು ಏಣಿ ಹಾಕಿ ಹತ್ತಿದ. ನಾನು ಕೆಳಗೆ ಏಣಿ ಹಿಡಿದುಕೊಂಡಿದ್ದೆ. ಮಾಳಿಗೆಯ ಕೆಲಸದಲ್ಲಿ ನನ್ನ ಪಾತ್ರ ಯಾವತ್ತೂ ಅಷ್ಟೇ. ಮೇಲಿನಿಂದ ಧ್ವನಿ ಬಂತು: “ಮಾಸ್ತರ್ರ, ಹತ್ರಿ ಮ್ಯಾಲೆ. ಸಂತಿ ನೆರದೈತಿ ಇಲ್ಲಿ.”

ಹತ್ತಿ ನೋಡಿದರೆ, ಬೀದಿಗೆ ಕಾಣದಂತೆ ಕೈಪಿಡಿ ಗೋಡೆಯ ಮರೆಯಲ್ಲಿ ಟೊಮೆಟೊ ಗಿಡಗಳು, ಕೆಂಪಗೆ ಹಣ್ಣು ಹೊತ್ತು ಮಲಗಿದ್ದವು. ಹೀರೆಬಳ್ಳಿ ನೀರಿನ ಟ್ಯಾಂಕನ್ನೇ ಚಪ್ಪರ ಮಾಡಿಕೊಂಡಿತ್ತು. ನಡುವೆ ಕುಂಬಳಬಳ್ಳಿ, ಅದರ ಮಗ್ಗುಲಿಗೆ ಅವ್ವನ ಹಿತ್ತಾಳೆ ಕೊಡದಷ್ಟು ದೊಡ್ಡ ಕುಂಬಳಕಾಯಿ. ಬಸಣ್ಣನ ತಿಪ್ಪೆಯಲ್ಲಿದ್ದ ಬೀಜಗಳೆಲ್ಲ ನಮ್ಮ ತಲೆಯ ಮೇಲೆ ಸಂಸಾರ ಹೂಡಿದ್ದವು. ನೀರು? ಅದೂ ನನ್ನದೇ ಸೇವೆ. ಬೆಳಿಗ್ಗೆ ಮೋಟರ್ ಹಾಕಿ ಪೇಪರ್ ಹಿಡಿದು ಕೂತರೆ ಟ್ಯಾಂಕು ತುಂಬಿ ಹರಿಯುವುದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಹೀಗೆ ದಿನವೂ ತಪ್ಪದೆ ನೀರು ಕಟ್ಟಿದ ರೈತ ನಾನು. ಬೇರು ಇಳಿದ ದಾರಿ ಹಿಡಿದು ನೀರೂ ಇಳಿದಿತ್ತು.

ಗಾದಿಲಿಂಗಪ್ಪ ಒಂದು ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟ. ನನ್ನ ಮುಖ ನೋಡಿದ. ಇಳಿದು ಹಿತ್ತಲಿಗೆ ಹೋಗಿ ಅಲ್ಲಿಯದನ್ನೂ ಇಟ್ಟು, ಥೂ ಎಂದು ಉಗಿದ.

“ನಾ ಹೇಳಿದ್ದು ಮಾಡಿದ್ರೇನ್ರಿ?” ಎಂದ ಮೆಲ್ಲಗೆ.

ನಾನು ಅಂಗಿಯ ತೋಳು ಸರಿಮಾಡಿಕೊಂಡೆ. ಪಾಪ, ಒಳ್ಳೆಯವನು. “ಹಕ್ಕಿ ಬೀಜ ಹಾಕ್ಯಾವ ಅಂತ ಹೇಳ್ರಿ ಅಕ್ಕಾರಿಗೆ. ಯಾರಿಗಿ ತಿಳಿತೈತಿ?” ಎಂದು ನನಗೊಂದು ದಾರಿಯನ್ನೂ ತೋರಿಸಿದ. ಸುಳ್ಳು ಹೇಳಲಾರೆ, ನನಗೆ ಆ ದಾರಿ ಬಹಳ ಹಿಡಿಸಿತು. ಹಕ್ಕಿಗಳ ಪಾತ್ರದ ಬಗ್ಗೆ ನಾಲ್ಕು ಮಾತು ಆಗಲೇ ಮನಸ್ಸಿನಲ್ಲಿ ಹೊಂದಿಸಿಕೊಂಡೆ.

ಅಷ್ಟರಲ್ಲಿ ಶಾರದಾ ಬಂದಳು. ಗಾದಿಲಿಂಗಪ್ಪ ಕಿತ್ತು ತಂದಿದ್ದ ಎರಡು ಟೊಮೆಟೊ ಹಣ್ಣು ಕಟ್ಟೆಯ ಮೇಲಿದ್ದವು. ಎಲ್ಲಿಯವು ಎಂದು ಕೇಳಿದಳು. ಮಾಳಿಗೆಯವು ಅಂದೆ. ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. “ಯಾರೂ ಹಾಕ್ಲಾರದ್ದು ಬರ್ತೈತಿ. ನಾ ಹಾಕಿದ್ದು ಬರಂಗಿಲ್ಲ ನೋಡ್ರಿ,” ಎಂದಳು. ಧ್ವನಿ ಏರಲಿಲ್ಲ, ಇಳಿಯಲಿಲ್ಲ.

ಹೊಂದಿಸಿಕೊಂಡಿದ್ದ ಹಕ್ಕಿಗಳೆಲ್ಲ ಹಾರಿಹೋದವು. ನಾನು ಹೇಳಿಬಿಟ್ಟೆ. ಎರಡು ಗುಡ್ಡೆ, ಇಸ್ತ್ರಿ ಅಂಗಿ, ಕಟ್ಟೆಯ ಮೇಲಿನ ಹಿರಿಯರು, ಬೆರಳು ಮಾಡಿದ್ದು, ಒಂದನ್ನೂ ಬಿಡದೆ ಹೇಳಿದೆ. ಗಾದಿಲಿಂಗಪ್ಪ ಏಣಿಯ ಮೆಟ್ಟಿಲುಗಳನ್ನು ಎಣಿಸುವವನಂತೆ ಆ ಕಡೆ ತಿರುಗಿ ನಿಂತ. ಶಾರದಾ ಹಿತ್ತಲಿಗೆ ಹೋಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು. ಚೌಳಿನ ಉಪ್ಪಿಗೋ ಇನ್ನೊಂದಕ್ಕೋ, ಕೇಳುವ ಧೈರ್ಯ ನನಗಿರಲಿಲ್ಲ. ಬೈಯುತ್ತಾಳೆ ಎಂದು ಕಾದೆ. ಅವಳು ಫೋನು ತೆಗೆದಳು.

“ಅಣ್ಣಾ, ನಿನ್ನ ಮಣ್ಣು ಛಲೋ ಐತಿ. ನನ್ನ ಕೈನೂ ಛಲೋ ಐತಿ. ಉಳಿದದ್ದು ನಿಮ್ಮ ಮಾಸ್ತರನ್ನ ಕೇಳು,” ಎಂದು ಫೋನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು.

ಬಸಣ್ಣ ಎಷ್ಟು ಹೊತ್ತು ನಕ್ಕ ಎನ್ನುವುದನ್ನು ಬರೆಯುವುದಿಲ್ಲ. ಮಳೆ ಬರುವುದರೊಳಗೆ ಮಣ್ಣು ಅದಲು ಬದಲಾಗಬೇಕಿತ್ತು. ಕಾಯಿ ಹೊತ್ತ ಬಳ್ಳಿಯನ್ನು ಕೀಳಲು ಗಾದಿಲಿಂಗಪ್ಪನಿಗೆ ಮನಸ್ಸಾಗಲಿಲ್ಲ. ಶಾರದಾ ತಾನೇ ಒಂದೊಂದಾಗಿ ಎಲ್ಲ ಬಿಡಿಸಿ ಬುಟ್ಟಿಗೆ ತುಂಬಿ ಹಗ್ಗದಲ್ಲಿ ಇಳಿಬಿಟ್ಟಳು. ಕೆಳಗೆ ನಿಂತು ಹಿಡಿದವಳು ಅವ್ವ. ಓಣಿಗೆಲ್ಲ ಹೀರೆಕಾಯಿ ಹಂಚಿದ್ದಾಯಿತು. ಅದರ ಜೊತೆಗೆ ಕಥೆಯನ್ನೂ ಹಂಚಿದರು, ಅದು ಬೇರೆ ಮಾತು. ಎದುರುಕಟ್ಟೆಯ ಹಿರಿಯರು ಈಗ ನನ್ನನ್ನು ಕಂಡರೆ “ಏನ್ ಮಾಸ್ತರ್ರ, ಮಾಳಿಗಿ ಮ್ಯಾಲೆ ಈ ಸಲ ಭತ್ತ ಏನು?” ಎಂದು ಕೇಳುತ್ತಾರೆ. ಮೇಲಿನ ಮಣ್ಣು ಕೆಳಗೆ, ಕೆಳಗಿನ ಮಣ್ಣು ಮೇಲೆ, ಹನ್ನೊಂದು ದಿನ ಪುಟ್ಟಿಯಲ್ಲಿ ಹೊತ್ತೆ. ಇಸ್ತ್ರಿ ಅಂಗಿಯ ವಿಷಯ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ವಾರ ಒಂದು ಮಧ್ಯಾಹ್ನ ಮೊದಲ ಮಳೆ ಬಿತ್ತು, ದಪ್ಪ ದಪ್ಪ ಹನಿಯ ಮಳೆ. ನಾವು ಮೂವರೂ ಅಡುಗೆಮನೆಯಲ್ಲಿ ಕೂತು ಜಂತಿಯನ್ನೇ ನೋಡುತ್ತಿದ್ದೆವು. ಒಂದು ಹನಿ ಬೀಳಲಿಲ್ಲ. ಮಳೆ ನಿಂತ ಮೇಲೆ ಶಾರದಾ ಎದ್ದು ಬೀಜದ ಗಂಟು ಬಿಚ್ಚಿ ಹಿತ್ತಲಿಗೆ ನಡೆದಳು. ನಾನು ಗುದ್ದಲಿ ಹಿಡಿದು ಹಿಂದೆ ಹೋದೆ. ಅವಳು ಕುಕ್ಕರಗಾಲಿನಲ್ಲಿ ಕೂತು ಒಂದು ಹಿಡಿ ಹಸಿ ಮಣ್ಣು ಎತ್ತಿದಳು. ಬಾಯಿಗೆ ಹಾಕಿಕೊಳ್ಳುತ್ತಾಳೇನೋ ಅಂದುಕೊಂಡೆ. ಅಂಗೈಯನ್ನು ನನ್ನ ಮುಂದೆ ಚಾಚಿದಳು.

“ನೀವು ನೋಡಿ ಹೇಳ್ರಿ,” ಎಂದಳು.

ಎದುರುಕಟ್ಟೆಯವರು ಹಿತ್ತಲ ಕಡೆಗೆ ಬಂದು ಗೋಡೆಯ ಮೇಲಿಂದ ಇಣುಕುತ್ತಿದ್ದರು. ನಾನು ಬಗ್ಗಿ, ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಇಟ್ಟೆ.

“ಸಪ್ಪಗೈತಿ,” ಎಂದೆ.

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಆ ಮಾತಿಗೆ ಶಾರದಾ ನಕ್ಕಳು. ನಗುತ್ತಲೇ ಬೆರಳಿನಿಂದ ಕುಳಿ ಮಾಡಿ ಮೊದಲ ಬೀಜ ಹಾಕಿದಳು.