ಚಿಕ್ಕಮ್ಮ ಬಿಚ್ಚಿದ ಕೌದಿ

ನಮ್ಮ ಚಿಕ್ಕಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಊಟಕ್ಕೆ ಕೂತರೆ ಅರ್ಧದಲ್ಲೇ ಎದ್ದು ಕಿಟಕಿ ಮುಚ್ಚಿ ಬರುತ್ತಾಳೆ; ಎರಡು ತುತ್ತಾದ ಮೇಲೆ ಮತ್ತೆ ಎದ್ದು ಅದೇ ಕಿಟಕಿ ತೆರೆದು ಬರುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ, ನಾನು, ಮದುವೆಯ ಗೋಜಿಗೇ ಹೋಗದ ಈ ಚಿಕ್ಕಮ್ಮ, ಮೂವರೇ. ಹಗಲೆಲ್ಲ ಅವಳಿಗೆ ಬಟ್ಟೆ ಆಲ್ಟರ್ ಮಾಡುವ ಅಂಗಡಿಯಲ್ಲಿ ಕೆಲಸ: ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಬಿಗಿಯಾದದ್ದನ್ನು ಸಡಿಲಿಸುವುದು. ಅಲ್ಲಿ ಹೊಲಿಯುವುದಕ್ಕಿಂತ ಬಿಚ್ಚುವುದೇ ಹೆಚ್ಚು. ಅಂಗಡಿಯವರು ಅವಳಿಗೆ ‘ಕತ್ತರಿ’ ಎಂದು ಹೆಸರಿಟ್ಟಿದ್ದಾರೆ. ಕೈ ನೋಡಿ ಇಟ್ಟರೋ ನಾಲಿಗೆ ನೋಡಿ ಇಟ್ಟರೋ, ನಾನು ಕೇಳಲು ಹೋಗಿಲ್ಲ.

ಆ ನಾಲಿಗೆಯಿಂದಲೇ ನಮ್ಮ ಕೌದಿ ವರ್ಷಗಟ್ಟಲೆ ಬೀರುವಿನ ಮೇಲೆ ಧೂಳು ತಿಂದಿತು. ನಾನು ಶಾಲೆಗೆ ಹೋಗುತ್ತಿದ್ದಾಗ ಅಕ್ಕತಂಗಿಯರಿಬ್ಬರೂ ಸೇರಿ ಅದನ್ನು ಶುರು ಮಾಡಿದ್ದರು. ಅಜ್ಜನ ಪಟ್ಟೆ ಅಂಗಿ, ನನ್ನ ಹಳೆಯ ಯೂನಿಫಾರ್ಮು, ಅಡುಗೆಮನೆಯ ಪರದೆ, ಹೀಗೆ ತುಂಡುಗಳನ್ನೆಲ್ಲ ಹಾಸಿ, ಎದುರುಬದುರು ಅಂಚಿನಲ್ಲಿ ಕೂತು, ಸುತ್ತುಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ ಬರುವುದು. ಒಬ್ಬಳ ಸಾಲಿನ ಪಕ್ಕದಲ್ಲೇ ಇನ್ನೊಬ್ಬಳ ಸಾಲು ಓಡಬೇಕು. ಅಮ್ಮ ಬೇಕರಿಯಲ್ಲಿ ಹಿಟ್ಟು ನಾದುವವಳು. ಅವಳ ಕೈಗೆ ಸೂಜಿ ಒಗ್ಗದು. ಒಂದು ದಿನ ಚಿಕ್ಕಮ್ಮ, “ಏನಕ್ಕ ಇದು, ಕೋಳಿ ಕೆರೆದ ಹಾಗಿದೆ!” ಎಂದುಬಿಟ್ಟಳು.

“ಹಾಗಾದ್ರೆ ನೀನೇ ಹೊಲ್ಕೊ ತಾಯಿ,” ಎಂದು ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದಳು. ಇವಳೂ ಮುಟ್ಟಲಿಲ್ಲ, ಅವಳೂ ಮುಟ್ಟಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ.

ಈಚೆಗೆ ಅಮ್ಮನ ಕಣ್ಣು ಮಂಜಾಗತೊಡಗಿತು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಹೆಚ್ಚು ಕಾಲ ನಿಲ್ಲುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಮನೆಗೆ ಬಂದ ಅಮ್ಮ ಅಳಲಿಲ್ಲ. ಬೀರುವಿನ ಕಡೆ ಕೈ ತೋರಿಸಿ, “ಅದನ್ನ ಇಳಿಸ್ರೇ. ಕಣ್ಣು ಪೂರ್ತಿ ಹೋಗೋಕೆ ಮುಂಚೆ ಅದು ಮುಗಿದಿದ್ದು ನೋಡ್ಬೇಕು,” ಎಂದಳು.

ಅಂದಿನಿಂದ ಚಿಕ್ಕಮ್ಮನ ಚಡಪಡಿಕೆಗೆ ಮೇರೆಯೇ ಇಲ್ಲದಾಯಿತು. ಅಂಗಡಿಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಸೂಜಿ ಹಿಡಿಯುತ್ತಾಳೆ, ನಾಲ್ಕು ಹೊಲಿಗೆ ಹಾಕಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಓಡುತ್ತಾಳೆ, ಬಂದು ಕೂರುತ್ತಾಳೆ, ಬಾಗಿಲ ಚಿಲಕ ನೋಡಲು ಏಳುತ್ತಾಳೆ. ಅಮ್ಮ ದಿನವೂ ಕೇಳುವಳು, “ಎಷ್ಟಾಯ್ತೇ?”

“ಆಗ್ತಾ ಇದೆ ಅಕ್ಕ, ಆಗ್ತಾ ಇದೆ.”

ಎಲ್ಲಿ ಆಗುತ್ತಿತ್ತು? ವಾರಗಳು ಉರುಳಿದರೂ ನಡುವಿನ ಖಾಲಿ ಜಾಗ ಹಾಗೆಯೇ ಇತ್ತು. ಅಮ್ಮ ಆಗಲೇ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿಕೊಂಡು ಮುಖ ನೋಡುವಂತಾಗಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಭಾನುವಾರ ಕೌದಿ ಎತ್ತಿ ನೋಡಿದರೆ ಕೆಳಗೆ ಬಿಚ್ಚಿದ ದಾರದ ಗುಡ್ಡೆ! ಚಿಕ್ಕಮ್ಮ ಹೊಸ ಸಾಲು ಹಾಕುತ್ತಲೇ ಇರಲಿಲ್ಲ. ಅಮ್ಮನ ಸೊಟ್ಟ ಸಾಲುಗಳನ್ನು ಒಂದೊಂದಾಗಿ ಬಿಚ್ಚಿ, ಅದೇ ಜಾಗದಲ್ಲಿ ಗೆರೆ ಎಳೆದಂತೆ ಹೊಲಿದಿದ್ದಳು.

“ಚಿಕ್ಕಮ್ಮಾ, ನಿನಗೇನಾದ್ರೂ ಬುದ್ಧಿ ಇದೆಯಾ?”

“ಅವಳು ಕೊನೇ ಸಲ ನೋಡೋದು ಕಣೇ. ಸೊಟ್ಟ ಇದ್ರೆ ಹೇಗೆ?” ಎಂದಳು. ಅವಳ ಕಣ್ಣು ತುಂಬಿತ್ತು. “ಬಿಡೋಣ ಅಂದ್ಕೋತೀನಿ. ಕೈ ಕೇಳಲ್ಲ.”

ಹುಟ್ಟುಗುಣ ಸುಟ್ಟರೂ ಹೋಗದು. ಸಿಟ್ಟಿನ ಜೊತೆಗೆ ಪಾಪ ಎಂದೂ ಅನ್ನಿಸಿತು. ಅಂಗಡಿಗೆ ರಜೆ ಹಾಕಿ ಅವಳು ನಡುವಿನ ಜಾಗವನ್ನೂ ತುಂಬಿ ಮುಗಿಸಿದಳು.

ಕಿಟಕಿಯ ಬಳಿ ಹಾಸಿದೆವು. ಅಮ್ಮ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ಅಂಚಿನಿಂದ ಅಂಚಿಗೆ ಬೆರಳಾಡಿಸಿದಳು.

“ಅಂಗಡಿಯಿಂದ ತಂದ ಹಾಗಿದೆ. ನಾನು ಹೊಲಿದಿದ್ದು ಎಲ್ಲೇ?”

“ಬಿಚ್ಚಿಬಿಟ್ಟೆ ಅಕ್ಕ.”

“ಎಲ್ಲಾನೂ?”

“ಎಲ್ಲಾನೂ.”

“ಸೊಟ್ಟ ಇತ್ತು ಅಂತ ನನಗೂ ಗೊತ್ತಿತ್ತು ಬಿಡು,” ಎಂದಳು ಅಮ್ಮ ಮೆಲ್ಲಗೆ. “ಆದ್ರೆ ಅದು ಕಣ್ಣಿದ್ದಾಗ ಹೊಲಿದಿದ್ದು.”

ಚಿಕ್ಕಮ್ಮ ಎದ್ದಳು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ತಿರುಗಿದಳು. ನನಗೂ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ. ಕೊನೆಗೆ ಅವಳು ಕೌದಿಯ ಎದುರು ಧೊಪ್ಪನೆ ಕೂತು, ನಡುವೆ ತಾನೇ ಹಾಕಿದ್ದ ಸಾಲುಗಳನ್ನು ಸರಸರನೆ ಬಿಚ್ಚಿದಳು. ಸೂಜಿಗೆ ದಾರ ಪೋಣಿಸಿ ಅಮ್ಮನ ಬೆರಳಿಗೆ ಹಿಡಿಸಿದಳು.

“ಹೊಲಿ.”

“ಕಾಣಲ್ಲ ಕಣೇ.”

“ಕಾಣ್ತಿದ್ದಾಗ ಏನು ನೆಟ್ಟಗೆ ಹೊಲಿದಿದ್ದೆಯಾ?”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಚುಚ್ಚಿದಳು. ಎಡಗೈ ಬೆರಳಿಂದ ತಡವಿ ತಡವಿ, ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಸಾಲು ದಿಕ್ಕು ತಪ್ಪಿ ಚಿಕ್ಕಮ್ಮನ ಕಡೆಗೆ ಬಂತು. ಅವಳ ನೈಟಿಯ ಅಂಚು ಕೌದಿಯ ಮೇಲೆ ಹರಡಿಕೊಂಡಿತ್ತು. ಅಮ್ಮ ಅದನ್ನೂ ಸೇರಿಸಿ ಹೊಲಿದುಬಿಟ್ಟಳು. ನಾನು ಬಾಯಿ ತೆರೆದೆ. ಚಿಕ್ಕಮ್ಮ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ದುರುಗುಟ್ಟಿ ನೋಡಿದಳು.

“ಸರಿಯಾಗಿ ಬರ್ತಿದೆಯೇನೇ?” ಎಂದು ಅಮ್ಮ ಕೇಳಿದಳು.

“ಬರ್ತಿದೆ ಅಕ್ಕ. ಹೊಲಿ, ಅವಸರ ಇಲ್ಲ,” ಎಂದ ಚಿಕ್ಕಮ್ಮ, ದಾರ ಮುಗಿಯುವ ತನಕ ಕೂತಲ್ಲಿಂದ ಅಲ್ಲಾಡಲಿಲ್ಲ.