ಆರು ಗೇಣಿನ ಹಿಂದಿನ ಸೀಟು

ಕೊಟ್ಟೂರಿನ ಡ್ರೈವರ್ ಓಬಣ್ಣನಿಗೆ ಬಾಯಿ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕಾರಿನ ವಿಷಯ ಎತ್ತಿದರೆ ಸಾಕು, ಎದುರಿಗಿದ್ದವರು ತಾವಾಗಿ ಎದ್ದು ಹೋಗುವವರೆಗೂ ನಿಲ್ಲಿಸುತ್ತಿರಲಿಲ್ಲ. ಹಸಿವಾದರೆ ‘ಟ್ಯಾಂಕ್ ಖಾಲಿ ಐತಿ’ ಎನ್ನುವನು, ನೆಗಡಿಯಾದರೆ ‘ರೇಡಿಯೇಟರ್ ಸೋರಾಕತ್ತೈತಿ’ ಎನ್ನುವನು. ನಡೆದು ಹೋಗುವಾಗಲೂ ಬೀದಿಯ ತಿರುವಿನಲ್ಲಿ ಬಲಗೈ ಚಾಚಿ ತೋರಿಸಿಯೇ ತಿರುಗುವನು. ಆದರೆ ಯಾರನ್ನಾದರೂ ಏನನ್ನಾದರೂ ಕೇಳಬೇಕು ಎಂದಾಗ ಮಾತ್ರ ಆ ಬಾಯಿ ಎಲ್ಲಿಗೋ ಹೊರಟುಹೋಗುತ್ತಿತ್ತು. ಹೋಟೆಲಿನಲ್ಲಿ ಎರಡನೇ ಸಲ ಚಟ್ನಿ ಕೇಳಲಾರದೆ ಬರೀ ಇಡ್ಲಿ ನುಂಗಿದ ಮನುಷ್ಯ ಅವನು. ಇಂಥವನು ಒಂದೇ ಒಂದು ಮಾತು ಕೇಳುವುದನ್ನು ತಪ್ಪಿಸಿಕೊಳ್ಳಲು ಆರು ತಿಂಗಳು ಕೂತು ಇಡೀ ಕಾರನ್ನೇ ಮಾಡಿದ.

ಹುಟ್ಟಿದ್ದು ಹರಪನಹಳ್ಳಿ ಕಡೆಯ ತೆಲಿಗಿಯಲ್ಲಿ. ಲಾರಿ ಕ್ಲೀನರನಾಗಿ ಮನೆ ಬಿಟ್ಟವನು ಸ್ಟೇರಿಂಗು ಕಲಿತು, ಇಪ್ಪತ್ತೆರಡರ ವಯಸ್ಸಿಗೆ ಕೊಟ್ಟೂರಿನ ಶೇಂಗಾ ಎಣ್ಣೆ ಮಿಲ್ಲಿನ ಸಾಹುಕಾರ ಏಕಾಂತಪ್ಪನವರ ಕಾರಿಗೆ ಡ್ರೈವರನಾದ. ಕಾರು ಅವನಿಗಿಂತ ಹಿರಿಯದು. ಯಾರ ಯಾರದೋ ಕೈ ದಾಟಿ ಬಂದ ಬೂದುಬಣ್ಣದ ಮುದುಕ. ಎಡಗಡೆಯ ಹಿಂಬಾಗಿಲಿಗೆ ಹಗ್ಗ ಕಟ್ಟಬೇಕು, ಬಲಗಡೆಯ ದೀಪಕ್ಕೆ ಒಂದು ಗುದ್ದು ಕೊಡಬೇಕು, ಬೆಳಗಿನ ಹೊತ್ತು ಹಿಂದಿನಿಂದ ನೂಕಬೇಕು. ನೂಕುವ ಕೆಲಸ ಸಾಹುಕಾರರದೇ. ಬೇರೆಯವರು ನೂಕಿದರೆ ಬಣ್ಣ ಕಿತ್ತುಬರುತ್ತದೆ ಎಂದು ಅವರಿಗೆ ಭಯ. ನೂಕಿ, ಏದುಸಿರು ಬಿಡುತ್ತ ಬಂದು, ಹಿಂದಿನ ಸೀಟಿನ ನಟ್ಟನಡುವೆ ಕೂರುವರು. ಒಂದು ಪಕ್ಕಕ್ಕೆ ಎಲೆಅಡಿಕೆ ಡಬ್ಬಿ, ಇನ್ನೊಂದು ಪಕ್ಕಕ್ಕೆ ಶಲ್ಯ. ಆ ಸೀಟಿನ ಮೇಲೆ ಯಾರು ಕೂರಬಹುದು, ಯಾರು ಕೂರಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಬರೆಯದೆಯೇ ಊರಿಗೆಲ್ಲ ಗೊತ್ತಿತ್ತು. ಹದಿನಾಲ್ಕು ವರ್ಷ ಓಬಣ್ಣ ತಲೆಯ ಮೇಲಿನ ಕನ್ನಡಿಯಲ್ಲಿ ಸಾಹುಕಾರರ ಮೀಸೆಯನ್ನು ಬಿಟ್ಟು ಬೇರೇನೂ ನೋಡಿರಲಿಲ್ಲ.

ಅವನ ಹೆಂಡತಿ ದುರುಗಮ್ಮ ಅದೇ ಮಿಲ್ಲಿನಲ್ಲಿ ಶೇಂಗಾ ಆರಿಸುತ್ತಿದ್ದಳು. ಅವಳ ತವರು ಹಗರಿಬೊಮ್ಮನಹಳ್ಳಿಯ ಆಚೆ ತಂಬ್ರಹಳ್ಳಿ. ಮದುವೆಯ ಮಾತುಕತೆಯಲ್ಲಿ ‘ಹುಡುಗ ಕಾರು ಹೊಡೀತಾನ’ ಎಂದು ಹೇಳಿದ್ದರು. ತಂಬ್ರಹಳ್ಳಿಯವರು ಅದನ್ನು ‘ಹುಡುಗಿ ಕಾರಿನಾಗ ಬರ್ತಾಳ’ ಎಂದು ತಾವೇ ಮುಂದುವರಿಸಿಕೊಂಡಿದ್ದರು. ಅಂದಿನಿಂದ ಅವಳು ತವರಿನಲ್ಲಿ ಬಸ್ಸಿಳಿದಾಗಲೆಲ್ಲ ಕಟ್ಟೆಯ ಮೇಲಿನ ಮಂದಿ ಬಸ್ಸಿನ ಹಿಂದೆ ಕಾರು ಬರುತ್ತಿದೆಯೇನೋ ಎಂದು ಕತ್ತು ಚಾಚಿ ನೋಡುವರು. ಬಸ್ಸಿನ ಧೂಳು ಬಿಟ್ಟರೆ ಏನೂ ಬರುತ್ತಿರಲಿಲ್ಲ. ದುರುಗಮ್ಮನಿಗೆ ಅಳುವೇ ಬರುತ್ತಿತ್ತು.

“ಒಂದ್ ಸಲ ಸಾವ್ಕಾರ್ರನ್ನ ಕೇಳ್ರಿ. ಇಲ್ಲಂದ್ರ ಇಲ್ಲಂತಾರ, ನುಂಗ್ತಾರೇನು?”

“ಈ ಸಲ ಪಂಚಮಿಗೆ ಕೇಳ್ತೀನಿ ತಗ.”

ಹೀಗೆ ಹದಿನಾಲ್ಕು ಪಂಚಮಿ ಕಳೆದವು.

ಎಪ್ಪತ್ತೆಂಟನೇ ಇಸವಿಯ ದಸರಾದಲ್ಲಿ ಕಾರಿಗೆ ಕುಂಬಳಕಾಯಿ ಒಡೆಯುವಾಗ ಏಕಾಂತಪ್ಪನವರು, “ಇದಕ್ಕ ಇದ ಕಡೀ ಕುಂಬಳಕಾಯಿ. ಯುಗಾದಿ ಮುಗದ ಸೋಮವಾರ ಹರಪನಹಳ್ಳಿಯವ್ರು ಬಂದು ಒಯ್ತಾರ. ಹೊಸಾ ಕಾರ್ ಬರ್ತೈತಿ,” ಎಂದರು. ಹೊಸ ಕಾರಿನಲ್ಲಿ ತನ್ನಂಥವಳಿಗೆ ಎಲ್ಲಿಯ ಜಾಗ ಎಂದು ದುರುಗಮ್ಮನಿಗೆ ಖಾತ್ರಿಯಾಯಿತು. ಮೂರು ದಿನ ಗಂಡನೊಡನೆ ಮಾತು ಬಿಟ್ಟಳು. ನಾಲ್ಕನೇ ದಿನ ಓಬಣ್ಣನಿಗೆ ಉಪಾಯ ಹೊಳೆಯಿತು. ಕೇಳುವುದೇ ಬೇಡ, ತೋರಿಸಿದರಾಯಿತು! ಕಾರಿನ ಪುಟ್ಟ ಪಡಿಯಚ್ಚು ಮಾಡುವುದು. ಹಿಂದಿನ ಸೀಟಿನಲ್ಲಿ ಸಾಹುಕಾರರ ಬೊಂಬೆ, ಅದರ ಪಕ್ಕ ದುರುಗಮ್ಮನ ಬೊಂಬೆ. ನೋಡಿದ ತಕ್ಷಣ ಸಾಹುಕಾರರಿಗೇ ಅರ್ಥವಾಗುತ್ತದೆ, ತಾನು ತುಟಿ ಪಿಟಕ್ಕೆನ್ನಬೇಕಾಗಿಲ್ಲ.

ಅಳತೆಗೆ ಟೇಪು ಹಿಡಿದರೆ ‘ಯಾಕಲೇ?’ ಎಂದು ಸಾಹುಕಾರರು ಕೇಳುತ್ತಾರೆ. ಆದ್ದರಿಂದ ಕಾರು ಒರೆಸುವ ನೆಪದಲ್ಲಿ ಗೇಣು ಹಾಕಿ ಅಳೆದ. ಕಾರಿನ ಒಂದು ಗೇಣಿಗೆ ಪಡಿಯಚ್ಚಿನ ಒಂದು ಬೆರಳಗಲ ಎಂದು ಲೆಕ್ಕ. ಉದ್ದ ಹತ್ತೊಂಬತ್ತು ಗೇಣು, ಹತ್ತೊಂಬತ್ತು ಬೆರಳು. ಹಿಂದಿನ ಸೀಟು ಆರು ಗೇಣು, ಆರು ಬೆರಳು. ದಿನವೂ ಕಾರಿನ ಮೈಮೇಲೆ ಗೇಣು ಹಾಕುತ್ತ ಸರಿಯುವ ಡ್ರೈವರನನ್ನು ಕಂಡ ಮಿಲ್ಲಿನ ಹೆಂಗಸರು, ಮಾರುವ ಸುದ್ದಿ ಕೇಳಿ ಪಾಪ ಮೈ ಸವರಿ ದುಃಖಿಸುತ್ತಿದ್ದಾನೆ ಎಂದುಕೊಂಡರು.

ಇನ್ನು ಸಾಮಾನು. ಮೈಗೆ ಮಿಲ್ಲಿನ ಹಳೆಯ ಎಣ್ಣೆ ಡಬ್ಬಿಯ ತಗಡು ಸಿಕ್ಕಿತು. ಉಳಿದದ್ದೆಲ್ಲ ದುರುಗಮ್ಮನಿಂದಲೇ ಹೋಯಿತು. ಮೊದಲು ಬಾಚಣಿಗೆ ಹೋಯಿತು, ಕಾರಿನ ಮುಂದಿನ ಜಾಲರಿಗೆ. ಆಮೇಲೆ ಹೇರ್‌ಪಿನ್ನುಗಳು ಹೋದವು, ಬಾಗಿಲ ಹಿಡಿಕೆಗೆ. ಸ್ಟೇರಿಂಗಿಗೆ, ತಂಬ್ರಹಳ್ಳಿಯ ಅಜ್ಜಿಯ ಮನೆಯಲ್ಲಿದ್ದ ಮಗಳು ಪುಟ್ಟಿಯ ಹಳೆಯ ಬಳೆ. ಒಂದು ದಿನ ಮಿಲ್ಲಿಗೆ ಹೊರಟವಳಿಗೆ ಹವಾಯಿ ಚಪ್ಪಲಿ ಒಂದೇ ಸಿಕ್ಕಿತು. ಇನ್ನೊಂದು ಆಗಲೇ ಗುಂಡಗೆ ಕೊರೆಸಿಕೊಂಡು ನಾಲ್ಕು ಟಯರುಗಳಾಗಿತ್ತು.

“ಐದನೇದು ಸ್ಟೆಪ್ನಿ ಬೇಕಾಗೈತಿ,” ಎಂದು ಓಬಣ್ಣ ಉಳಿದ ಚಪ್ಪಲಿಯ ಕಡೆ ನೋಡಿದ.

“ಮುಟ್ಟಿದ್ರ ನೋಡ್ರಿ ಮತ್ತ,” ಎಂದು ದುರುಗಮ್ಮ ಅದನ್ನು ಕಂಕುಳಲ್ಲಿ ಇಟ್ಟುಕೊಂಡಳು. ಆಮೇಲೆ ಅವಳು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಓಡಾಡತೊಡಗಿದಳು. ಎರಡೂ ಬಿಟ್ಟರೆ ಅವನು ಗೆದ್ದಂತಾಗುತ್ತದೆ ಎಂಬುದು ಅವಳ ಹಟ.

ಕೊನೆಗೆ ಮುಖ ನೋಡುವ ಕನ್ನಡಿ. ಅದನ್ನು ಒಡೆದು ಕಡಲೆಬೇಳೆಯಷ್ಟು ಚೂರನ್ನು ಸ್ಟೇರಿಂಗಿನ ಹಿಂದೆ ಕೂತ ಪುಟಾಣಿ ಡ್ರೈವರನ ಬೊಂಬೆಯ ತಲೆಯ ಮೇಲ್ಗಡೆ ಅಂಟಿಸಿದ. “ಇನ್ನ ನನ್ನ ಮಾರಿ ನಾ ಎಲ್ಲಿ ನೋಡ್ಕಳ್ಳಿ?” ಎಂದು ಅವಳು ಕೇಳಿದ್ದಕ್ಕೆ, “ನಾ ನೋಡ್ತೀನಲ್ಲ, ಸಾಕ್ ಬಿಡು,” ಎಂದ. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು.

ಓಬಣ್ಣನ ದೊಡ್ಡಸ್ತಿಕೆ ಇದ್ದದ್ದು ಕಾರು ಹೊಸದಾಗಿದ್ದಾಗ ಹೇಗಿತ್ತೋ ಹಾಗೆ ಮಾಡುವುದರಲ್ಲಲ್ಲ. ಈಗ ಹೇಗಿದೆಯೋ ಹಾಗೆ, ಒಂದು ಗಾಯ ಬಿಡದೆ ಮಾಡುವುದರಲ್ಲಿ. ಕೂಡ್ಲಿಗಿ ರಸ್ತೆಯಲ್ಲಿ ಎಮ್ಮೆ ಗುದ್ದಿದ ತಗ್ಗನ್ನು ಒಳಗಿನಿಂದ ಚಮಚೆಯಿಂದ ಒತ್ತಿ ಮೂಡಿಸಿದ. ಎಡ ಹಿಂಬಾಗಿಲಿಗೆ ಸಣ್ಣ ಹಗ್ಗ ಹೊಸೆದು ಕಟ್ಟಿದ. ಇಂಕ್ ಫಿಲ್ಲರಿನ ರಬ್ಬರಿಗೆ ಪೀಪಿ ಜೋಡಿಸಿ ಹಾರನ್ ಮಾಡಿದ. ಅದು ನಿಜವಾದ ಹಾರನ್ನಿನಂತೆಯೇ ಮೂರು ಸಲ ಒತ್ತಿದರೆ ಒಂದು ಸಲ ಕೂಗುತ್ತಿತ್ತು. ಸಾಹುಕಾರರು ಕಿಟಕಿಯಿಂದ ಉಗಿದೂ ಉಗಿದೂ ಬಾಗಿಲ ಮೇಲೆ ಆಗಿದ್ದ ಕೆಂಪು ಕಲೆಯನ್ನು ಬಣ್ಣದಲ್ಲಿ ಮೂಡಿಸಲು ಬಾರದೆ, ದುರುಗಮ್ಮನ ಕೈಗೆ ಎಲೆಅಡಿಕೆ ಕೊಟ್ಟು, “ಇಲ್ಲಿ ಒಂದ್ ಹನಿ ಉಗುಳು. ಹಗೂರಕ,” ಎಂದ. ಅವಳು ಆರು ತಿಂಗಳ ಸಿಟ್ಟನ್ನೆಲ್ಲ ಸೇರಿಸಿ ಉಗುಳಿದ್ದರಿಂದ ಆ ಬಾಗಿಲನ್ನು ಮತ್ತೆ ಮಾಡಬೇಕಾಯಿತು.

ಎಡವಟ್ಟಾದದ್ದು ಹಿಂಭಾಗದಲ್ಲಿ. ಬಾಗಿಲುಗಳನ್ನೂ ಮುಂದಿನ ಅರ್ಧವನ್ನೂ ಓಬಣ್ಣ ತಾನೇ ಕತ್ತರಿಸಿ, ಅಷ್ಟರಲ್ಲಿ ಹೆಬ್ಬೆರಳನ್ನೂ ಕತ್ತರಿಸಿಕೊಂಡ. ಹಿಂದಿನ ಅರ್ಧವನ್ನು ತಗಡು ಕೆಲಸದ ಜಂಬಯ್ಯನಿಗೆ ಒಪ್ಪಿಸಿ, “ಸೀಟಿನ ಅಗಲ ಆರು ಬೆರಳು,” ಎಂದು ಹೇಳಿ ಬಂದ. ಜಂಬಯ್ಯ ಆಳು ಕಡ್ಡಿಯಂತಿದ್ದರೂ ಬೆರಳುಗಳು ಮಾತ್ರ ಮಿರ್ಚಿ ಬಜ್ಜಿಯಂಥವು. ಅವನು ತನ್ನ ಬೆರಳು ಇಟ್ಟು ಅಳೆದು, ಚೊಕ್ಕವಾಗಿ ಕತ್ತರಿಸಿ, ಬೆಸುಗೆ ಹಾಕಿ, ಬೂದುಬಣ್ಣ ಬಳಿದು, ಮಾರಾಟದ ಹಿಂದಿನ ದಿನ, ಭಾನುವಾರ ಬೆಳಿಗ್ಗೆ ತಂದುಕೊಟ್ಟ. ಕಾರಿನ ಮೂತಿ ಸಣ್ಣ, ಹಿಂಭಾಗ ದೊಡ್ಡ. ಮೊಟ್ಟೆಗೆ ಕೂತ ಕೋಳಿಯ ಹಾಗೆ ಕಾಣುತ್ತಿತ್ತು. ಓಬಣ್ಣ ಜಂಬಯ್ಯನ ಬೆರಳಿನ ಪಕ್ಕ ತನ್ನ ಬೆರಳು ಇಟ್ಟು ನೋಡಿ ತಲೆ ಮೇಲೆ ಕೈ ಹೊತ್ತು ಕೂತ. ಆರು ಬೆರಳಿನ ಸೀಟು ಅವನ ಲೆಕ್ಕದಲ್ಲಿ ಎಂಟು ಬೆರಳಾಗಿತ್ತು. ಬಿಚ್ಚಿ ಮತ್ತೆ ಮಾಡಲು ಹೊತ್ತಿಲ್ಲ. ಆರು ಬೆರಳಿನ ಸೀಟಿಗೆಂದು ಹೊಟ್ಟೆ ಕಡಿಮೆ ಮಾಡಿದ್ದ ಸಾಹುಕಾರರ ಬೊಂಬೆಯನ್ನೂ, ಮೆಣಸಿನ ಕಾಳಿನ ಮೂಗಿನ ದುರುಗಮ್ಮನ ಬೊಂಬೆಯನ್ನೂ ಕೂರಿಸಿ, ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿ ಹೊರಟೇಬಿಟ್ಟ. ಹಿಂದೆ ಒಂಟಿ ಚಪ್ಪಲಿಯ ದುರುಗಮ್ಮ. ಅವಳ ಹಿಂದೆ, ತನ್ನ ಬೆಸುಗೆಯನ್ನು ಸಾಹುಕಾರರು ಹೊಗಳುವುದನ್ನು ಕೇಳಲು ಜಂಬಯ್ಯ.

ಏಕಾಂತಪ್ಪನವರು ಅಂಗಳದಲ್ಲಿ ನಿಂತ ಕಾರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಓಬಣ್ಣ ವಲ್ಲಿ ಸರಿಸಿದ. ಸಾಹುಕಾರರು ಹಗ್ಗ ನೋಡಿದರು, ಎಮ್ಮೆಯ ತಗ್ಗು ನೋಡಿದರು, ಹಾರನ್ ಮೂರು ಸಲ ಒತ್ತಿದರು. ಮುಖ ಅರಳಿತು. ಆಮೇಲೆ ಹಿಂದಿನ ಸೀಟಿಗೆ ಬಗ್ಗಿದರು.

“ಇಂವ ನಾನೇನಲೇ?”

“ಹೌದ್ರಿ.”

“ಹೊಟ್ಟಿ ಜಾಸ್ತಿ ಆತು.”

“ಕಡಿಮಿ ಮಾಡೇನ್ರಿ.”

“ಮತ್ತ ಇಕಿ ಯಾರು?”

ಆರು ತಿಂಗಳು ಕಾದ ಕ್ಷಣ ಬಂದಿತ್ತು. ಓಬಣ್ಣನ ಬಾಯಿ ಎಂದಿನಂತೆ ಹೊರಟುಹೋಗಿತ್ತು. ಸಾಹುಕಾರರೇ, “ನಮ್ಮಕಿ ಇರಬೇಕು,” ಎಂದು ತೀರ್ಮಾನಿಸಿ ಹೆಂಡತಿ ಶಿವಬಸಮ್ಮನವರನ್ನು ಕರೆದರು. ಅವರು ಬಂದು ನೋಡಿ, “ನನ್ನ ಮೂಗು ಹಿಂಗೈತೇನೋ ಓಬಣ್ಣ?” ಎಂದರು. ಕಂಬದ ಹತ್ತಿರ ನಿಂತಿದ್ದ ದುರುಗಮ್ಮ ಫಕ್ಕನೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಶಿವಬಸಮ್ಮನವರು ಬೊಂಬೆಯನ್ನು ನೋಡಿದರು, ದುರುಗಮ್ಮನನ್ನು ನೋಡಿದರು, ಬೊಂಬೆಯನ್ನು ಸೀಟಿನ ಮೇಲೆ ಇನ್ನಷ್ಟು ಸರಿಯಾಗಿ ಕೂರಿಸಿದರು.

“ಅದಿರ್ಲಿ,” ಎಂದರು ಏಕಾಂತಪ್ಪನವರು. “ಸೀಟು ತಪ್ಪೈತಲ್ಲಲೇ. ಇಷ್ಟ್ ದೊಡ್ಡದು ಎಲ್ಲೈತಿ? ನಾ ಕುಂತ್ರ ಅದರಾಗ ಗಾಳಿಗೂ ಜಾಗ ಇರಂಗಿಲ್ಲ.”

ತಪ್ಪು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಓಬಣ್ಣನ ಬಾಯಿ ಓಡೋಡಿ ವಾಪಸು ಬಂತು. ಬೇಡುವುದಕ್ಕೆ ಅವನಿಗೆ ನಾಲಿಗೆ ಏಳುತ್ತಿರಲಿಲ್ಲ ನಿಜ. ಆದರೆ ಅಳತೆಯ ಮಾತಿಗೆ ಬಂದರೆ ಅವನು ದೇವರೊಡನೆಯೂ ಜಗಳಕ್ಕೆ ನಿಲ್ಲುವವನು. ತಪ್ಪೆಂದು ಚೆನ್ನಾಗಿ ಗೊತ್ತಿದ್ದೂ ನಿಂತ.

“ಸೀಟು ಸರಿಯಾಗೇ ಐತ್ರಿ. ತಪ್ಪಿರೋದು ನೀವು ಕುಂದ್ರೋದ್ರಾಗ.”

ಜಂಬಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಬೆರಳುಗಳನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡ.

“ಏನಂದಿ?”

“ನಡುವ ಕುಂದ್ರತೀರಿ. ಕಡೀಕ ಸರಿದ್ರ ನಿಮ್ಮ ಮಗ್ಗಲಕ ಇನ್ನ ಇಬ್ರು ಕೂಡ್ತಾರ್ರಿ. ಕುಂತೂ ನಾಲ್ಕು ಬೆರಳು ಉಳೀತೈತಿ!”

“ಎಲ್ಲಿ, ತೋರ್ಸು!”

ಏಕಾಂತಪ್ಪನವರು ರೋಷದಿಂದ ಎದ್ದು ಕಾರಿನೊಳಗೆ ಹೋಗಿ ಬಲಗಡೆಗೆ ಸರಿದು ಕೂತರು. ಶಿವಬಸಮ್ಮನವರು ಗಂಡ ಸೋಲುವುದನ್ನು ಹತ್ತಿರದಿಂದಲೇ ನೋಡಬೇಕು ಎಂದು ನಡುವೆ ಹೋಗಿ ಕೂತರು. “ಇನ್ನೊಬ್ರು ಬೇಕಲ್ಲ,” ಎಂದು ಕತ್ತು ಹೊರಗೆ ಹಾಕಿ, “ದುರುಗಮ್ಮಾ, ಬಾರೇ ಇಲ್ಲಿ,” ಎಂದರು.

ದುರುಗಮ್ಮ ಗಂಡನನ್ನು ನೋಡಿದಳು. ಅವನಿಗೆ ಆ ಹೊತ್ತಿಗೆ ಅಳತೆಯೊಂದು ಬಿಟ್ಟರೆ ಜಗತ್ತಿನ ಯಾವ ಕಟ್ಟಳೆಯೂ ನೆನಪಿರಲಿಲ್ಲ. “ಕೂಡ್ರು, ಲಗೂನ ಕೂಡ್ರು,” ಎಂದು ಹಗ್ಗ ಬಿಚ್ಚಿದ. ಅವಳು ಒಂಟಿ ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು, ಬಲಗಾಲು ಮೊದಲಿಟ್ಟು ಹತ್ತಿ ಕೂತಳು. ಏಕಾಂತಪ್ಪನವರು ಏನೋ ಹೇಳಲು ಹೊರಟವರು, ಹೇಳಿದರೆ ಪಂದ್ಯ ಬಿಟ್ಟುಕೊಟ್ಟಂತಾಗುತ್ತದೆ ಎಂದು ಗಂಟಲಲ್ಲೇ ತಡೆದರು. ಬಗ್ಗಿ, ತಮಗೂ ಬಾಗಿಲಿಗೂ ನಡುವೆ ಉಳಿದ ಸಂದಿಗೆ ಬೆರಳು ಇಟ್ಟು ಅಳೆದರು. ಒಂದು, ಎರಡು, ಮೂರು, ನಾಲ್ಕು.

ಹದಿನಾಲ್ಕು ವರ್ಷ ತಮ್ಮದೇ ಸೀಟಿನ ಮೇಲೆ ಕೂತಿದ್ದ ಮನುಷ್ಯನಿಗೆ ಅದರ ಅಗಲ ಗೊತ್ತಿರಲಿಲ್ಲ. ಜಂಬಯ್ಯನ ದಪ್ಪ ಬೆರಳಿನ ತಪ್ಪು ಲೆಕ್ಕ ಅದನ್ನು ತಿಳಿಸಿಕೊಡಬೇಕಾಯಿತು.

“ನಾಲ್ಕು ಬೆರಳು ಐತಿ,” ಎಂದು ಅವರು ಸಣ್ಣ ದನಿಯಲ್ಲಿ ಒಪ್ಪಿಕೊಂಡರು.

“ಹೆಂಗೂ ಕುಂತೀವಿ,” ಎಂದರು ಶಿವಬಸಮ್ಮನವರು. “ಕಾರು ನಾಳಿ ಹೋಗತೈತಿ. ಎಲ್ಲಿಗೆ ಹೊಡೀತಿ ಓಬಣ್ಣ?”

ಜಗಳದ ಬಿಸಿ ಇನ್ನೂ ಆರಿರಲಿಲ್ಲ. ಅದೇ ಬಿಸಿಯಲ್ಲಿ ಮಾತು ಹೊರಬಿತ್ತು.

“ತಂಬ್ರಹಳ್ಳಿಗ್ರಿ!”

ಹೇಳಿದ ಮೇಲೆ ಓಬಣ್ಣ ತಾನೇ ಬೆಚ್ಚಿಬಿದ್ದ. ಹದಿನಾಲ್ಕು ಪಂಚಮಿಯ ಮಾತು ಇಷ್ಟೇ ಉದ್ದವಿತ್ತೇ ಎನಿಸಿತು. ಏಕಾಂತಪ್ಪನವರು ಅವನನ್ನು ನೋಡಿದರು, ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದರು. “ಸಂಜಿಯೊಳಗ ಬಂದು ಬಿಡಬೇಕ ನೋಡು,” ಎಂದರು.

ಓಬಣ್ಣ ಹತ್ತಿ ಕೂತು ಕೀಲಿ ತಿರುಗಿಸಿದ. ಕಾರು ಕೆಮ್ಮಿ ಸುಮ್ಮನಾಯಿತು. ಏಕಾಂತಪ್ಪನವರು ಅಭ್ಯಾಸಬಲದಿಂದ ಇಳಿದು ಹಿಂದಕ್ಕೆ ಹೋಗಿ ಪಂಚೆ ಎತ್ತಿ ಕಟ್ಟಿದರು. ಜಂಬಯ್ಯನೂ ಕೈ ಹಚ್ಚಲು ಬಂದಾಗ, “ಆ ಬೆರಳು ದೂರ ಇಡು, ಬಣ್ಣ ಹೋದೀತು,” ಎಂದು ಗದರಿ ಒಬ್ಬರೇ ನೂಕತೊಡಗಿದರು. ಕಾರು ಮೆಲ್ಲಗೆ ಚಪ್ಪಲಿಯನ್ನು ದಾಟಿ ಹೊರಟಿತು.

ಓಬಣ್ಣ ತಲೆಯ ಮೇಲಿನ ಕನ್ನಡಿಯನ್ನು ಒಂಚೂರು ಎಡಕ್ಕೆ ತಿರುಗಿಸಿ ನೋಡಿದ. ಮೀಸೆ ಇರಬೇಕಾದಲ್ಲಿ ದುರುಗಮ್ಮನ ಮುಖವಿತ್ತು. ಮನೆಯ ಕನ್ನಡಿ ಒಡೆದಾಗಿನಿಂದ ಬೊಟ್ಟು ಸ್ವಲ್ಪ ಸೊಟ್ಟಗೇ ಇಟ್ಟುಕೊಳ್ಳುತ್ತಿದ್ದಳು, ಅವನು ಅದನ್ನು ಈಗಲೇ ಗಮನಿಸಿದ್ದು. ಅವನ ಕಣ್ಣು ಮಂಜಾಯಿತು. ಕನ್ನಡಿಯಲ್ಲಿ ಅವಳೂ ಅವನನ್ನೇ ನೋಡುತ್ತಿದ್ದಳು.

“ಮುಂದ ನೋಡಿ ಹೊಡೀರಿ,” ಎಂದಳು. “ಇನ್ನಾ ಅಂಗಳದಾಗೇ ಅದೀವಿ.”